ಸಹಾಯ ಬೇಕು: ಮೇ ತಿಂಗಳ ಬಿಸಿಲಿನಲ್ಲಿ ಸಂದರ್ಶನಕ್ಕೆ ಯಾವ ಉಡುಪು ಸೂಕ್ತ?

ಎಲ್ಲರಿಗೂ ನಮಸ್ಕಾರ. ಮೇ ಎರಡನೇ ವಾರದಲ್ಲಿ ರಾಯಚೂರಿನ ಖಾಸಗಿ ಪದವಿ ಕಾಲೇಜೊಂದರಲ್ಲಿ ಉಪನ್ಯಾಸಕಿ ಹುದ್ದೆಗೆ ನನ್ನ ಸಂದರ್ಶನವಿದ್ದು, ಉಡುಪಿನ ವಿಷಯದಲ್ಲಿ ತಮ್ಮ ಸಲಹೆ ಬೇಕಾಗಿದೆ. ಆ ಹೊತ್ತಿಗೆ ಅಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ನಾನು ಲಿಂಗಸುಗೂರಿನಿಂದ ಬಸ್ಸಿನಲ್ಲಿ ಬಂದು, ಮಧ್ಯಾಹ್ನ 2 ಗಂಟೆಗೆ ಸಮಿತಿಯ ಮುಂದೆ ಕುಳಿತು, ಬಳಿಕ ಮಾದರಿ ಪಾಠವನ್ನೂ ಮಾಡಬೇಕು.

ನನ್ನ ಬಳಿ ರೇಷ್ಮೆ ಸೆರಗಿನ, ಹತ್ತಿಯ ಇಳಕಲ್ ಸೀರೆಯಿದೆ. ಮೈಗೆ ಹಗುರ, ಬೆವರನ್ನೂ ಹೀರುತ್ತದೆ. ಆದರೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿದರೂ ಬಸ್ಸಿನ ಸೀಟಿನಲ್ಲಿ ಕುಳಿತೇಳುವಷ್ಟರಲ್ಲಿ ನೆರಿಗೆಯೆಲ್ಲ ಮುದುಡಿಹೋಗುತ್ತದೆ. ಪಾಲಿಯೆಸ್ಟರ್ ಬೆರೆತ ಇನ್ನೊಂದು ಸೀರೆ ಸುಕ್ಕಾಗುವುದಿಲ್ಲವಾದರೂ, ಗಾಳಿಯಾಡದೆ ಮೈಗಂಟಿಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ರವಿಕೆಯ ಕಂಕುಳಲ್ಲಿ ಬೆವರಿನ ಕಲೆ ಕಾಣುತ್ತದೆಂಬ ಚಿಂತೆ ನನ್ನನ್ನು ಕಾಡುತ್ತಿದೆ. ತಿಳಿನೀಲಿ ಬಣ್ಣದಲ್ಲಿ ಆ ಕಲೆ ಎದ್ದು ಕಾಣುವುದರಿಂದ, ಕಡುನೀಲಿ ರವಿಕೆಗೆ ಹತ್ತಿಯ ಲೈನಿಂಗ್ ಕೊಡಿಸಿದರೆ ಸಾಕಾದೀತೆ? ಸೀರೆಯ ಬದಲು ಹತ್ತಿಯ ಚೂಡಿದಾರ ಧರಿಸಿ, ದುಪಟ್ಟಾಕ್ಕೆ ಪಿನ್ ಹಾಕಿಕೊಂಡು ಹೋದರೆ ಸಮಿತಿಯವರು ಅಗೌರವವೆಂದು ಭಾವಿಸುವರೆ? ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಪಾಠ ಮಾಡುತ್ತಿರುವ ಅಕ್ಕಂದಿರು ದಯವಿಟ್ಟು ತಮ್ಮ ಅನುಭವ ತಿಳಿಸಿ. ರವಿಕೆಯ ಬಟ್ಟೆಯನ್ನು ಈ ವಾರವೇ ಹೊಲಿಯಲು ಕೊಡಬೇಕಾಗಿದೆ.