‘ಆರಿಸು’ ಅಂದ್ರೆ ಒಣಗಿಸು ಅಂತಲೋ, ಆಯ್ದುಕೋ ಅಂತಲೋ?

ಗೆಳೆಯರೇ,

ಒಂದೇ ಒಂದು ಪದದಿಂದ ಒಂದು ಬಾಟಲಿ ಪುದೀನ ಹಾಳಾಯಿತು. ಆ ಪದದ ಬಗ್ಗೆ ಕೇಳೋಣ ಅಂತ ಬರೆಯುತ್ತಿದ್ದೇನೆ.

ಚಳಿ ಶುರುವಾದರೆ ನನ್ನ ಕುಂಡದ ಗಿಡಗಳು ಚಿಗುರುವುದು ಕಮ್ಮಿ. ಅದಕ್ಕೇ ಪುದೀನ, ಓರೆಗಾನೊ, ಥೈಮ್ ಇವನ್ನೆಲ್ಲ ಹೂ ಬಿಡುವ ಮೊದಲೇ ಕೊಯ್ದು ಒಣಗಿಸಿ ಇಡುತ್ತೇನೆ. ಗೆಳತಿಯೊಬ್ಬಳು ಹೇಗೆ ಅಂತ ಕೇಳಿದಳು. ಚುಟುಕಾಗಿ ಬರೆದು ಕಳಿಸಿದೆ: ‘ಎಲೆ ಬಿಡಿಸಿ, ತೊಳೆದು, ಆರಿಸಿ, ಬಾಟಲಿಗೆ ತುಂಬಿಡು.’ ಅವಳು ಹಾಗೇ ಮಾಡಿದಳು. ತೊಳೆದಳು. ಹಳದಿ ಎಲೆ, ತೂತು ಬಿದ್ದ ಎಲೆ ಎಲ್ಲ ತೆಗೆದು ಒಳ್ಳೆಯದನ್ನಷ್ಟೇ ಆರಿಸಿದಳು. ತುಂಬಿ ಮುಚ್ಚಳ ಬಿಗಿ ಮಾಡಿದಳು. ನಾಲ್ಕು ದಿನಕ್ಕೆ ಗಾಜಿನ ಒಳಗೆಲ್ಲ ಬೆವರು, ಎಲೆ ಕಪ್ಪು, ಮೇಲೆ ಬಿಳಿ ಬೂಷ್ಟು. ‘ನೀನೇ ಆರಿಸು ಅಂದಿದ್ಯಲ್ಲ?’ ಅಂತ ಫೋಟೊ ಕಳಿಸಿದಳು. ಏನು ಹೇಳಲಿ!

ಒಣಗುವ ‘ಆರು’ ಹಳಗನ್ನಡದಲ್ಲಿ ‘ಆಱು’. ಎಣಿಕೆಯ ಆರು ಕೂಡ ‘ಆಱು’ ಆಗಿತ್ತು. ಆ ಱ ಅನ್ನುವ ಹಳೆಯ ಅಕ್ಷರ ನಮ್ಮ ಬರವಣಿಗೆಯಿಂದ ಬಿದ್ದುಹೋಯಿತು, ತಮಿಳಿನಲ್ಲಿ ಇನ್ನೂ ಇದೆ. ಈಗ ನಮಗೆ ಕಾಫಿ ಆರುತ್ತದೆ, ದೀಪ ಆರುತ್ತದೆ, ಬಟ್ಟೆಯೂ ಆರುತ್ತದೆ. ಅದರ ಮೇಲೆ ಓಟು ಹಾಕಿ ಆರಿಸುವುದು ಬೇರೆ. ಮಾತಿನಲ್ಲಿ ಗೊಂದಲ ಆಗುವುದಿಲ್ಲ, ಜೊತೆಗಿರುವ ಪದ ದಾರಿ ತೋರಿಸುತ್ತದೆ. ಆದರೆ ‘ಎಲೆ’ ಇದೆಯಲ್ಲ, ಅದಕ್ಕೆ ಎರಡು ಅರ್ಥವೂ ಸಲೀಸಾಗಿ ಹೊಂದುತ್ತದೆ. ಅಲ್ಲೇ ಎಡವಿದ್ದು.

ಆಮೇಲೆ ಯೋಚಿಸಿದಾಗ ಇನ್ನೊಂದು ಹೊಳೆಯಿತು. ಅವಳು ನನ್ನ ಅರ್ಥವನ್ನೇ ಹಿಡಿದಿದ್ದರೂ ಪುದೀನ ಉಳಿಯುತ್ತಿರಲಿಲ್ಲವೇನೋ. ನನ್ನ ಕಿವಿಗೆ ‘ಆರು’ ಅಂದರೆ ಮೇಲಿನ ನೀರು ಹೋಗುವುದು. ಒರೆಸಿದ ನೆಲ ಆರುತ್ತದೆ, ತಲೆಗೂದಲು ಆರುತ್ತದೆ. ನೆಲ ‘ಒಣಗಿತು’ ಅಂದರೆ ಮಳೆ ಇಲ್ಲದೆ ಬಿರುಕು ಬಿಟ್ಟ ಹೊಲ ಕಣ್ಣಿಗೆ ಬರುತ್ತದೆ. ಒಳಗಿನ ನೀರು ಹೋದರೆ ‘ಒಣಗು’. ಇವೆರಡರ ನಡುವೆ ‘ಬಾಡು’. ಕೊಯ್ದ ಎಲೆ ಮೂರನ್ನೂ ಸಾಲಾಗಿ ದಾಟುತ್ತದೆ: ತೊಳೆದ ನೀರು ಗಂಟೆಯೊಳಗೆ ಆರುತ್ತದೆ, ಸಂಜೆಗೆ ಎಲೆ ಬಾಡಿ ಜೋತು ಬೀಳುತ್ತದೆ, ಒಣಗುವುದಕ್ಕೆ ಒಂದೆರಡು ವಾರವೇ ಬೇಕಾಗಬಹುದು. ಪುದೀನದಂಥ ನೀರು ಜಾಸ್ತಿ ಇರುವ ಎಲೆ ಬಾಡಿದ ಹಂತದಲ್ಲೇ ಬಾಟಲಿ ಸೇರಿದರೆ ಬೂಷ್ಟು ಗ್ಯಾರಂಟಿ. ಕಡ್ಡಿ ಸಮೇತ ಸಣ್ಣ ಸಣ್ಣ ಕಟ್ಟು ಕಟ್ಟಿ, ಗಾಳಿಯಾಡುವ ನೆರಳಲ್ಲಿ ತಲೆಕೆಳಗಾಗಿ ತೂಗು ಹಾಕಬೇಕು. ಬಿಸಿಲಲ್ಲಿ ಬೇಗ ಆಗುತ್ತದೆ ನಿಜ, ಆದರೆ ಬಣ್ಣ ಮಾಸುತ್ತದೆ, ಘಮ ಕೊಡುವ ಎಣ್ಣೆಯೂ ಹಾರಿಹೋಗುತ್ತದೆ.

ಹಾಗಾಗಿ ಚೀಟಿಯನ್ನು ತಿದ್ದಿದೆ: ‘ತೊಳೆದ ನೀರು ಆರಲಿ. ಆಮೇಲೆ ನೆರಳಲ್ಲಿ ಗರಿಗರಿಯಾಗುವವರೆಗೆ ಒಣಗಿಸು.’ ಉದ್ದವಾಯಿತು, ಇರಲಿ.

ಈಗ ನನ್ನ ಪ್ರಶ್ನೆಗಳು. ನಿಮ್ಮ ಮಾತಿನಲ್ಲೂ ಆರು, ಒಣಗು ಇವುಗಳ ನಡುವೆ ಈ ವ್ಯತ್ಯಾಸ ಇದೆಯಾ, ಅಥವಾ ಸುಮ್ನೆ ನಾನೇ ಕಟ್ಟಿಕೊಂಡಿದ್ದಾ? ‘ಆರಹಾಕು’, ‘ಒಣಹಾಕು’ ಅಂದರೆ ಆಯ್ದುಕೊಳ್ಳುವ ಅರ್ಥ ಹತ್ತಿರವೂ ಸುಳಿಯುವುದಿಲ್ಲ. ಎಲೆಗೆ ಇವನ್ನು ಯಾರಾದರೂ ಬಳಸುತ್ತೀರಾ?

ಬಾಟಲಿಯ ಲೇಬಲ್ ಮೇಲೆ ‘ಒಣ ಪುದೀನ’ ಅಂತ ಬರೆಯಲೋ, ‘ಒಣಗಿದ ಪುದೀನ’ ಅಂತಲೋ? ‘ಒಣಗಿದ’ ಅಂದರೆ ನೀರು ಹಾಕದೆ ಸತ್ತ ಗಿಡದ ನೆನಪಾಗುತ್ತದೆ. ‘ಒಣದ್ರಾಕ್ಷಿ’ ಅನ್ನುವಾಗ ಹಾಗಾಗುವುದಿಲ್ಲ, ಅದು ಬೇರೆಯೇ ಪದಾರ್ಥದ ಹೆಸರು. ಹಾಗಂತ ‘ಒಣ ಜಂಭ’, ‘ಒಣ ಮಾತು’ ಇವುಗಳಲ್ಲಿ ಅದೇ ‘ಒಣ’ ಬೈಗುಳದ ಹಾಗಿದೆ. ನಾನಂತೂ ‘ಒಣ’ದ ಕಡೆಗೇ ವಾಲುತ್ತೇನೆ.

ಕೊನೆಯದು. ಎಲೆ ಬೆರಳಲ್ಲಿ ಉಜ್ಜಿದರೆ ಪುಡಿಯಾಗಬೇಕು, ಕಡ್ಡಿ ಬಗ್ಗದೆ ಚಟಕ್ಕನೆ ಮುರಿಯಬೇಕು. ಆ ಹದಕ್ಕೆ ನಾನು ‘ಗರಿಗರಿ’ ಅಂದೆ. ಗೆಳತಿಗೆ ಅದು ಹುರಿದ ತಿಂಡಿಯ ಮಾತಂತೆ ಕೇಳುತ್ತದಂತೆ. ಅವಳು ‘ಗಲಗಲ ಒಣಗಿದೆ’ ಅನ್ನುತ್ತಾಳೆ. ನೀವೇನಂತೀರಿ?