ಹಳೇ ಫ್ಲ್ಯಾಪ್ ಗ್ಲೈಡರ್ ತಗೊಳ್ಳೂ ಮುಂದ ಏನ್ ನೋಡ್ಬೇಕು? (ಪ್ರಶ್ನೋತ್ತರ)

ಪ್ರಶ್ನೆ (ಅಕ್ಕಲಕೋಟದ ಹುಡುಗ, ಸದ್ಯ ಜರ್ಮನಿ):
ಕಾಕಾ ನಮಸ್ಕಾರ್ರಿ. ಊರು ಅಕ್ಕಲಕೋಟ, ನೌಕರಿಗಂತ ಜರ್ಮನಿಗೆ ಬಂದೀನಿ, ಇಲ್ಲೇ ಕ್ಲಬ್ಬಿನ್ಯಾಗ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಲೈಸೆನ್ಸ್ ಆತು. ಈಗ ನಾವು ಮೂರು ಮಂದಿ ಪಾಲಿನ್ಯಾಗ ಒಂದು ಹಳೇ ಎಎಸ್‌ಡಬ್ಲ್ಯೂ 20 ತಗೋಬೇಕಂತ ಮಾಡೀವಿ. 1979ರ ಗ್ಲೈಡರ್. ರೆಕ್ಕಿ ಮ್ಯಾಲೆ ಜೆಲ್‌ಕೋಟ್ (ಫೈಬರಿನ ಮ್ಯಾಲಿನ ಬಿಳಿ ಲೇಪ) ಕೂದಲೆಳಿಯಷ್ಟು ಸಣ್ಣ ಸಣ್ಣ ಬಿರುಕು ಬಿಟ್ಟದ, ಅದನ್ನ ನೋಡಿ ಉಳಿದಿಬ್ಬರೂ ಹಿಂದ ಸರೀಲಿಕ್ಕತ್ತಾರ. ನಾ ಇಲ್ಲೀತನಕ ಫ್ಲ್ಯಾಪ್ (ರೆಕ್ಕಿ ಹಿಂದಿನ ಅಂಚಿನ್ಯಾಗ ಮ್ಯಾಲೆ ಕೆಳಗ ಆಗೋ ಹಲಗಿ) ಇಲ್ಲದ್ದನ್ನೇ ಹಾರ್ಸೀನಿ. ಮೊದಲ ಏನ್ ನೋಡ್ಬೇಕು ಹೇಳ್ರಿ.

ಉತ್ತರ (ಸೋಲಾಪುರ, ಗ್ಲೈಡರ್ ರಿಪೇರಿ ಇನ್‌ಸ್ಪೆಕ್ಟರ್, ನಿವೃತ್ತ):
ಭಾಳ ಖುಷಿ ಆತು ತಮ್ಮಾ. ಎಎಸ್‌ಡಬ್ಲ್ಯೂ 20 ಅಂದ್ರ 1977ರಾಗ ಮೊದಲ ಹಾರಿದ್ದು, ಗೆರ್ಹಾರ್ಡ್ ವೈಬೆಲ್ ಅವರ ಡಿಸೈನ್, ಶ್ಲೈಖರ್ ಕಂಪನಿ ವಾಸರ್‌ಕುಪ್ಪೆ ಗುಡ್ಡದ ಬುಡಕ್ಕಿರೋ ಪೊಪ್ಪೆನ್‌ಹೌಸನ್‌ದಾಗ ಕಟ್ಟಿದ್ದು, 15 ಮೀಟರ್ ರೆಕ್ಕಿ. ಕಂಪನಿ ಇನ್ನೂ ನಡದದ, ಹಳೇ ಗ್ಲೈಡರಿಗೆ ಇದು ದೊಡ್ಡ ಆಸರ.

ಜೆಲ್‌ಕೋಟ್ ಬಿರುಕಿನ ಬಗ್ಗೆ ನಿನ್ನ ಜೊತಿಗಾರರು ಹೆದರೋದು ಸಹಜ ಯಾಕಂದ್ರ ಕಣ್ಣಿಗೆ ಮೊದಲ ಕಾಣೋದೇ ಅದು, ಆದ್ರ ನಾ ಇದ್ರ ಅದನ್ನ ಕಡೀಗೆ ನೋಡ್ತೀನಿ. ಬಿಸಲು, ಥಂಡಿ, ಹಸಿ ತಿಂದು ತಿಂದು ಆ ಕಾಲದ ಜೆಲ್‌ಕೋಟ್ ಬಿರಿಯೋದು ಮಾಮೂಲು, ಅದು ರೊಕ್ಕದ ಪ್ರಶ್ನೆ, ಮಾಲಕ ಹೇಳಿದ ರೇಟು ಇಳಸ್ಲಿಕ್ಕೆ ಉಪಯೋಗಕ್ಕ ಬರ್ತದ. ಜೀವದ ಪ್ರಶ್ನೆ ಬ್ಯಾರೆ ಕಡೆ ಅದ. ಫ್ಲ್ಯಾಪ್ ಇರೋ ಗ್ಲೈಡರಿನ್ಯಾಗ ಕಂಟ್ರೋಲ್ ರಾಡು, ಬೆಲ್‌ಕ್ರ್ಯಾಂಕು (ರಾಡಿನ ಜಗ್ಗೋ ದಿಕ್ಕು ಬದಲಿಸೋ ತುಂಡು), ಹಿಂಜು ಹೆಚ್ಚು, ಅವು ಒಂದಕ್ಕೊಂದು ಕೂಡೋ ಜಾಗಾನೂ ಹೆಚ್ಚು. ಐಲೆರಾನ್ (ಗ್ಲೈಡರನ್ನ ಎಡಕ್ಕ ಬಲಕ್ಕ ವಾಲಸೋ ರೆಕ್ಕಿ ತುದಿ ಕಡೆ ಹಲಗಿ) ಸುದ್ಧಾ ಫ್ಲ್ಯಾಪ್ ಜೊತಿಗೆ ಮ್ಯಾಲೆ ಕೆಳಗ ಆಗ್ತಾವ. ನಲವತ್ತು ಚಿಲ್ಲರ ವರ್ಷ ಆದ ಮ್ಯಾಲೆ ಒಂದೊಂದು ಜೋಡಿನ್ಯಾಗ ಕೂದಲೆಳಿಯಷ್ಟು ಸಡಲಾದ್ರೂ ಎಲ್ಲಾ ಕೂಡಿ ರೆಕ್ಕಿ ತುದೀಗೆ ಬರೋ ಹೊತ್ತಿಗೆ ಎದ್ದು ಕಾಣೋಷ್ಟು ಲೂಸ್ ಆಗಿರ್ತದ. ಆ ಲೂಸ್‌ಗೆ ಮ್ಯಾನ್ಯುಯಲ್ಲಿನ್ಯಾಗ ಮಿತಿ ಕೊಟ್ಟಿರ್ತಾರ. ಅದು ಮೀರಿದ್ರ ಜೋರು ಸ್ಪೀಡಿನ್ಯಾಗ ಫ್ಲಟರ್ ಆಗಬಹುದು, ಅಂದ್ರ ಐಲೆರಾನ್ ತಾನೇ ಪಟಪಟ ಬಡಕೋತ ರೆಕ್ಕೀನೂ ಕುಣಸ್ಲಿಕ್ಕೆ ಶುರು ಮಾಡ್ತದ, ಆಮ್ಯಾಲೆ ರೆಕ್ಕಿ ಮುರೀಲಿಕ್ಕೆ ಹೊತ್ತು ಹಿಡಿಯೂದಿಲ್ಲ.

ಅದಕ್ಕ ಹೋದ ಕೂಡ್ಲೇ ಒಬ್ಬರಿಗೆ ಸ್ಟಿಕ್ ಗಟ್ಟಿ ಹಿಡಿ ಅನ್ನು, ನೀ ಹೊರಗ ನಿಂತು ಐಲೆರಾನ್, ಫ್ಲ್ಯಾಪ್ ಎರಡನ್ನೂ ಮೆತ್ತಗ ಅಲಗಾಡ್ಸಿ ನೋಡು, ಸ್ಕೇಲ್ ಇಟ್ಟು ಅಳತಿ ತಗೋ. ಅಂಗೈ ಪೂರ್ತಿ ಇಟ್ಟು ಹಿಡಿ, ಬೆರಳಲೆ ಚಿವುಟಿದಂಗ ಹಿಡೀಬ್ಯಾಡ, ಹಿಂದಿನ ಅಂಚು ಭಾಳ ತೆಳ್ಳಗ ಇರ್ತದ.

ಮರುಪ್ರಶ್ನೆ (ಅದೇ ಹುಡುಗ):
ಕಾಕಾ, ರೆಕ್ಕಿ ಜೋಡಿಸಿದ ಮ್ಯಾಲೆ ಒಳಗ ಕೈ ಹಾಕಿ ಕಂಟ್ರೋಲ್ ರಾಡ್ ಕೂಡಿಸೋ ಕನೆಕ್ಟರ್ ಅದಾವಲ್ರಿ, ಕ್ಲಬ್ಬಿನ್ಯಾಗ ಎಲ್ಲಾರೂ ಅದರದ್ದೇ ಭಯ ಹಾಕ್ತಾರ. ನಾವು ಕಲ್ತ ಗ್ಲೈಡರಿನ್ಯಾಗ ಎಲ್ಲಾ ತಾನೇ ಕೂಡ್ತಿತ್ತು.

ಉತ್ತರ:
ಅವರು ಹೇಳೋದು ಬರೋಬ್ಬರಿ ಅದ, ಇದನ್ನ ಉದ್ದಕ್ಕ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ. ಅದಕ್ಕ ಹೊಟೆಲಿಯೇ ಕನೆಕ್ಟರ್ ಅಂತಾರ. ಒಂದು ಕಡೆ ಉಕ್ಕಿನ ಗುಂಡು, ಇನ್ನೊಂದು ಕಡೆ ಅದು ಕೂಡೋ ಬಟ್ಟಲು, ಬಟ್ಟಲಿನ್ಯಾಗ ಸ್ಪ್ರಿಂಗ್ ಹಾಕಿದ ಸಣ್ಣ ಲಾಕ್. ಲಾಕ್ ಒತ್ತಿ ಗುಂಡಿನ ಮ್ಯಾಲೆ ಕೂಡಿಸಿ ಬಿಟ್ರ ಲಾಕ್ ವಾಪಸ್ ಬಂದು ಗುಂಡನ್ನ ಹಿಡೀತದ. ತಪ್ಪಾಗೋದು ಎಲ್ಲಿ ಅಂದ್ರ ಗುಂಡು ಅರ್ಧ ಕುಂತಾಗೂ ಕೈಗೆ ಕುಂತಂಗೇ ಅನ್ನಸ್ತದ, ನೆಲದ ಮ್ಯಾಲೆ ಸ್ಟಿಕ್ ಆಡ್ಸಿದ್ರ ಐಲೆರಾನ್ ಆಡ್ತಾವ, ಮ್ಯಾಲೆ ಹೋಗಿ ಲೋಡ್ ಬಿದ್ದಾಗ ಕಳಚ್ತದ. ಜಗತ್ತಿನ್ಯಾಗ ಹಿಂಗ ಸತ್ತೋರು ಅದಾರ, ಅವರೊಳಗ ಭಾಳ ಅನುಭವ ಇದ್ದೋರೂ ಅದಾರ.

ಲಾಕ್ ಮ್ಯಾಲೆ ಒಂದು ಸಣ್ಣ ತೂತು ಇರ್ತದ. ಲಾಕ್ ಪೂರ್ತಿ ಕುಂತ್ರ ಮಾತ್ರ ಆ ತೂತು ಹೊರಗ ಬಂದು ಪಿನ್ ಹೋಗ್ತದ. ಪಿನ್ ಹೋಗ್ಲಿಲ್ಲಂದ್ರ ಒತ್ತಾಯ ಮಾಡ್ಬ್ಯಾಡ, ಬಿಚ್ಚಿ ಮತ್ತ ಕೂಡ್ಸು. ಪಿನ್ ಹಾಕಿದ ಮ್ಯಾಲೂ ರಾಡ್ ಹಿಡಿದು ಜೋರಾಗಿ ಒಮ್ಮಿ ಜಗ್ಗು. ಟಾರ್ಚ್ ಬೆಳಕು ಹಾಕಿ ಕಣ್ಲೆ ನೋಡು. ಪಿನ್ ಬದಲಿ ಮ್ಯಾಲೆ ಸರಿಸೋ ಉಯೆರ್ಲಿಂಗ್ಸ್ ಕವಚ ಹಾಕಿದ್ರ ಅದೂ ಛಲೋನೇ. ಗುಂಡು ಸವದು ಮೊಟ್ಟೆ ಆಕಾರ ಆಗ್ಯಾದೇನು ಅಂತ ಮೈಕ್ರೋಮೀಟರ್ ಹಚ್ಚಿ ಎರಡು ದಿಕ್ಕಿನ್ಯಾಗ ಅಳೀಬೇಕು, ಒಣಗಿದ ಗ್ರೀಸಿನ್ಯಾಗ ಮಣ್ಣು ಕುಂತಿದ್ರ ಒರಸಿ ಹೊಸಾದು ಹಚ್ಚಬೇಕು.

ಇದಾದ ಮ್ಯಾಲೆ ಪಾಸಿಟಿವ್ ಚೆಕ್. ಒಬ್ಬರು ಹೊರಗ ಅಂಗೈಲೆ ಐಲೆರಾನ್ ತಡದು ಹಿಡೀಬೇಕು, ಒಳಗಿದ್ದೋರು ಸ್ಟಿಕ್ ಜಗ್ಗಬೇಕು. ಫ್ಲ್ಯಾಪ್ ಗ್ಲೈಡರಿನ್ಯಾಗ ಇದನ್ನ ಒಂದೇ ಸಲ ಮಾಡಿ ಬಿಟ್ರ ಸಾಲೂದಿಲ್ಲ, ಪ್ರತಿಯೊಂದು ಫ್ಲ್ಯಾಪ್ ಪೊಸಿಷನ್‌ದಾಗೂ ಮಾಡ್ಬೇಕು. ಎಲಿವೇಟರ್ (ಮೂಗು ಏರಸಿ ಇಳಸೋ ಬಾಲದ ಹಲಗಿ), ಏರ್‌ಬ್ರೇಕ್ (ಇಳೀಲಿಕ್ಕೆ ರೆಕ್ಕಿಯಿಂದ ಹೊರಗೇಳೋ ಪಟ್ಟಿ) ಬಿಡ್ಬ್ಯಾಡ. ರೆಕ್ಕಿ ಕೂಡಿಸುವಾಗ ಯಾರರೆ ಬಂದು ಮಾತಿಗೆ ಎಳದ್ರ "ಆಮ್ಯಾಲೆ ಬರ್ರಿ" ಅಂತ ನೆಟ್ಟಗ ಹೇಳು, ಅವರಿಗೆ ಸಿಟ್ಟು ಬಂದ್ರ ಬರ್ಲಿ. ಮಾತಿನ್ಯಾಗ ಕೆಲಸ ನಡುವ ನಿಂತಿದ್ರ ಮೊದಲಿಂದ ಶುರು ಮಾಡು.

ಪ್ರಶ್ನೆ (ಜತ್ತದಿಂದ ಒಬ್ಬರು):
ಸರ್, ಬ್ಲಾನಿಕ್ ಅನ್ನೋ ಗ್ಲೈಡರಿಗೂ ಫ್ಲ್ಯಾಪ್ ಇತ್ತು, ಅದರ ರೆಕ್ಕಿ ಮುರದು ಎಲ್ಲಾ ಕಡೆ ಬಂದ್ ಮಾಡಿದ್ರು ಅಂತ ಓದಿದ್ದೆ. ಹಳೇದು ಅಂದ ಮ್ಯಾಲೆ ಇದಕ್ಕೂ ಅದೇ ಗತಿ ಅಲ್ಲೇನ್ರಿ?

ಉತ್ತರ:
ನೀವು ಓದಿದ್ದು ಖರೆ ಅದ್ರಿ. ಅದು ಎಲ್-13 ಬ್ಲಾನಿಕ್, ಚೆಕ್ ದೇಶದ್ದು, 1956ರಾಗ ಮೊದಲ ಹಾರಿದ್ದು, ಹಿಂದಕ್ಕ ಸರಿಯೋ ಫೌಲರ್ ಫ್ಲ್ಯಾಪ್ ಇದ್ದವು. 2010ರಾಗ ಆಸ್ಟ್ರಿಯಾದಾಗ ಹಾರುವಾಗ ಒಂದರ ರೆಕ್ಕಿ ಮುರೀತು, ಸ್ಪಾರಿನ್ಯಾಗ (ರೆಕ್ಕಿಯೊಳಗಿನ ಮುಖ್ಯ ತೊಲಿ) ಫಟೀಗ್ ಬಿರುಕು, ಅಂದ್ರ ಲೋಡ್ ಮತ್ತ ಮತ್ತ ಬಿದ್ದು ದಣಿದು ಬಂದ ಬಿರುಕು. ಅದು ಅಲ್ಯೂಮಿನಿಯಂ. ತಂತಿ ಮ್ಯಾಲಿಂದ ಮ್ಯಾಲೆ ಬಗ್ಗಿಸಿದ್ರ ಮುರೀತದಲ್ಲ, ಲೋಹದ ಗುಣಾನೇ ಅದು. ಗ್ಲಾಸ್‌ಫೈಬರ್ ಫಟೀಗಿಗೆ ಭಾಳ ತಡಕೊಳ್ತದ. ಜರ್ಮನ್ ಫೈಬರ್ ಗ್ಲೈಡರಿಗೆ ಮೊದಲಿಗೆ 3000 ತಾಸು ಅಂತ ಮಿತಿ ಹಾಕ್ತಿದ್ರು, ಆಮ್ಯಾಲೆ ದೊಡ್ಡ ಇನ್‌ಸ್ಪೆಕ್ಷನ್ ಮಾಡಿ ಹಂತ ಹಂತವಾಗಿ 6000, 9000, 12000 ತನಕ ಬೆಳಸ್ಯಾರ. ಹಂಗಂತ ಕಣ್ಣು ಮುಚ್ಚಿ ಹಾರಸ್ಲಿಕ್ಕೆ ಆಗೂದಿಲ್ಲ. ಹಳೇ ರಿಪೇರಿ ಇದ್ದ ಕಡೆ ನಾಣ್ಯದ ಅಂಚಿಲೆ ಟಕ್ ಟಕ್ ಬಡಕೋತ ಹೋಗ್ಬೇಕು, ಖಣ್ ಅನ್ನೋ ದನಿ ಒಮ್ಮೆಲೆ ಬೊದ್ದ ಆದ್ರ ಅಲ್ಲಿ ಪದರ ಬಿಟ್ಟಿರಬಹುದು. ಏರ್‌ಬ್ರೇಕ್ ಡಬ್ಬಿಯ ಮೂಲಿ, ರೆಕ್ಕಿ ಬುಡ, ಬಾಲ ಕೂಡೋ ಜಾಗ, ಇಲ್ಲಿ ಬಿರುಕು ಇದ್ರ ಅದು ಬರೀ ಜೆಲ್‌ಕೋಟೋ ಫೈಬರಿಗೂ ಇಳದದೋ ಅಂತ ತಿಕ್ಕಿ ನೋಡ್ಲೇಬೇಕು. ರಡ್ಡರ್ (ಮೂಗು ಎಡ ಬಲ ತಿರಗಸೋ ಬಾಲದ ಹಲಗಿ) ಕೇಬಲ್ ಪೆಡಲ್ ಹತ್ರ ಕೊಳವಿಯೊಳಗ ಹಾಯೋ ಕಡೆ ಎಳಿ ಎಳಿಯಾಗಿ ಹರೀತದ, ಅದನ್ನೂ ನೋಡ್ರಿ.

ಪ್ರಶ್ನೆ (ಮಂಗಳವೇಢದ ಅಕ್ಕ):
ಅಣ್ಣಾರ, ಇಂಥಾ ಗ್ಲೈಡರ್ ನಮ್ಮ ಸೋಲಾಪುರ ಬಿಸಲಿನ್ಯಾಗ ಇಟ್ರ ತಡೀತದೇನ್ರಿ? ಯಾಕ ಎಲ್ಲಾ ಬಿಳೀನೇ ಇರ್ತಾವ?

ಉತ್ತರ:
ಛಲೋ ಕೇಳಿದ್ರಿ ಅಕ್ಕಾರ. ಬಿಳಿ ಇರೋದು ಬಿಸಲಿಗೇ. ಆ ಕಾಲದ ಎಪಾಕ್ಸಿ ರೆಸಿನ್ ಕಾಯ್ತಾ ಹೋದಂಗ ಮೆತ್ತಗ ಆಗ್ತದ, ರೆಕ್ಕಿ ಬಲ ಪರೀಕ್ಷೆ ಮಾಡೋದು 54 ಡಿಗ್ರಿ ಸೆಲ್ಸಿಯಸ್ ಹಿಡಿದು. ನಮ್ಮಲ್ಲಿ ಏಪ್ರಿಲ್ ಮೇದಾಗ ನೆರಳಿನ್ಯಾಗೇ 42-43 ಆಗ್ತದ, ಅದರಾಗ ಕರೀ ಬಣ್ಣ ಇದ್ರ ಆ ಮಿತಿ ಯಾವಾಗೋ ದಾಟಿರ್ತದ. ಹಾರೋ ಹೊತ್ತು ಬಿಟ್ರ ನೆರಳಿನ್ಯಾಗೇ ಇರ್ಬೇಕು. ಮುಚ್ಚಿದ ತಗಡಿನ ಟ್ರೇಲರ್ ಬಿಸಲಿನ್ಯಾಗ ನಿಂತ್ರ ಹೊರಗಿಗಿಂತ ಒಳಗೇ ಹೆಚ್ಚು ಕಾಯ್ತದ, ಗಾಳಿ ಕಿಂಡಿ ಬೇಕೇ ಬೇಕು. ಇನ್ನ ನಮ್ಮ ಎರಿ ಮಣ್ಣಿನ ಧೂಳು, ಕ್ಯಾನೊಪಿ (ಪೈಲಟ್ ತಲಿ ಮ್ಯಾಲಿನ ಪಾರದರ್ಶಕ ಮುಚ್ಚಳ) ಮ್ಯಾಲೆ ಕುಂತಾಗ ಒಣ ಅರಿವಿಲೆ ಒರಸಿದ್ರ ಗೀರೇ ಗೀರು. ಮೊದಲ ನೀರು ಸುರದು ಧೂಳು ಹರಿಸ್ಬೇಕು, ಆಮ್ಯಾಲೆ ಮೆತ್ತನ ಅರಿವಿ. ಥಿನ್ನರ್, ಪೆಟ್ರೋಲ್ ಹತ್ರಾನೂ ತರಬ್ಯಾಡ್ರಿ, ಪ್ಲಾಸ್ಟಿಕ್ ಒಳಗಿಂದ ಬಿರೀತದ.

ನಿಮ್ಮನಿ ಮಕ್ಕಳಿಗೆ ಇದರ ಹುಚ್ಚು ಇದ್ರ ಪುಣೆಗೆ ಹೋಗುವಾಗ ಸೋಲಾಪುರ ರೋಡಿಗೇ ಹತ್ತೋ ಹಡಪಸರದಾಗ ಡಿಜಿಸಿಎದ (ಕೇಂದ್ರ ಸರಕಾರದ ವಿಮಾನಯಾನ ಇಲಾಖಿ) ಗ್ಲೈಡಿಂಗ್ ಸೆಂಟರ್ ಅದ, ವಿಚಾರ್ಸ್ರಿ. ಕಲಿಯೋದು ಎರಡು ಸೀಟಿನ ಸಾದಾ ಗ್ಲೈಡರಿನ್ಯಾಗೇ, ಫ್ಲ್ಯಾಪ್ ಆಮ್ಯಾಲೆ.

ಮರುಪ್ರಶ್ನೆ (ಅಕ್ಕಲಕೋಟದ ಹುಡುಗ):
ಕಾಕಾ ಹಾರ್ಸೋದ್ರ ಬಗ್ಗೆ? ಲ್ಯಾಂಡಿಂಗ್ ಫ್ಲ್ಯಾಪ್ ಹಾಕಿದ್ರ ಮೂಗು ಭಾಳ ಕೆಳಗ ಹೋಗ್ತದ ಅಂತಾರ.

ಉತ್ತರ:
ಹೌದು, ಕಿಡಕಿಯಾಗ ಬರೀ ನೆಲಾನೇ ಕಾಣ್ತದ, ಅದಕ್ಕ ಹೊಸಬರು ಹೆದರಿ ಸ್ಟಿಕ್ ಹಿಂದ ಎಳೀತಾರ, ಎಳದ ಕೂಡ್ಲೇ ಸ್ಪೀಡ್ ಭಸಕ್ಕನೆ ಇಳೀತದ ಯಾಕಂದ್ರ ಆ ಫ್ಲ್ಯಾಪಿಗೆ ಗಾಳಿಯ ಎಳತ ಅಷ್ಟಿರ್ತದ. ನೋಟಕ್ಕ ಮರುಳಾಗಬ್ಯಾಡ, ಸ್ಪೀಡ್ ಮೀಟರ್ ನಂಬು. ಇನ್ನೊಂದು ಮಾತು, ನೆಲದ ಹತ್ರ ಬಂದು "ಅಯ್ಯೋ ಫೀಲ್ಡ್ ಮುಟ್ಟೂದಿಲ್ಲ" ಅನ್ನಿಸಿದ್ರ ಏರ್‌ಬ್ರೇಕ್ ಒಳಗ ತಗೋ, ಫ್ಲ್ಯಾಪ್ ಮಾತ್ರ ಎತ್ತಬ್ಯಾಡ. ಎತ್ತಿದ್ರ ರೆಕ್ಕಿ ಕೊಡೋ ಲಿಫ್ಟ್ ಒಮ್ಮೆಲೆ ಹೋಗಿ ಗ್ಲೈಡರ್ ಕುಸೀತದ. ಲ್ಯಾಂಡಿಂಗ್ ಫ್ಲ್ಯಾಪ್ ಅನ್ನೋದು ಫೀಲ್ಡ್ ಸಿಗೋದು ಪಕ್ಕಾ ಆದ ಮ್ಯಾಲೆ ಹಾಕೋದು.

ಏರೋಟೋ (ವಿಮಾನ ಹಗ್ಗ ಕಟ್ಟಿ ಎಳದೊಯ್ಯೋದು) ಶುರುವಿಗೆ ಮೈನಸ್ ಫ್ಲ್ಯಾಪ್ (ಹಿಂದಿನ ಅಂಚು ಮ್ಯಾಲಕ್ಕ; ಪ್ಲಸ್ ಅಂದ್ರ ಕೆಳಕ್ಕ) ಇಟ್ರ ಐಲೆರಾನ್ ಲಗೂನೇ ಹಿಡಿತಕ್ಕ ಬರ್ತಾವ, ರೆಕ್ಕಿ ನೆಲಕ್ಕ ಬೀಳೂದಿಲ್ಲ, ಹಿಡಿತ ಬಂದ ಮ್ಯಾಲೆ ಮೆಲ್ಲಕ ಪ್ಲಸ್‌ಗೆ ತಗೋ. ನೆಲ ಮುಟ್ಟಿದ ಮ್ಯಾಲೆ ಓಡುವಾಗೂ ಮೈನಸ್ ಇದೇ ಕಾರಣಕ್ಕ. ಥರ್ಮಲ್‌ದಾಗ (ಬಿಸಿಯಾಗಿ ಮ್ಯಾಲೇರೋ ಗಾಳಿ) ಪ್ಲಸ್, ಜೋರಾಗಿ ಹೋಗುವಾಗ ಮೈನಸ್, ಇದು ಕೈಗೆ ತಾನೇ ಬರ್ತದ. ಮೊದಲನೇ ಹಾರಾಟದಾಗ ಎತ್ತರದ ಮ್ಯಾಲೆ ಎಲ್ಲಾ ಪೊಸಿಷನ್ ಹಾಕಿ ನೋಡು, ಒಂದೊಂದಕ್ಕ ಸ್ಟಾಲ್ (ಸ್ಪೀಡ್ ಕಡಿಮಿ ಆಗಿ ರೆಕ್ಕಿಯ ಲಿಫ್ಟ್ ಕಳಕೊಳ್ಳೋದು) ಎಷ್ಟು ಸ್ಪೀಡಿಗೆ ಬರ್ತದ, ಮೂಗು ಎಷ್ಟು ಇಳೀತದ ಅಂತ. ಯಾವ ಪೊಸಿಷನ್‌ಗೆ ಎಷ್ಟು ಸ್ಪೀಡ್ ಮೀರಬಾರದು ಅನ್ನೋದು ಹ್ಯಾಂಡ್‌ಬುಕ್ಕಿನ್ಯಾಗ ಅದ, ಅದನ್ನ ಬಾಯಿಪಾಠ ಮಾಡು.

ಕಡೀಗೆ ಕಾಗದಪತ್ರ. ಲಾಗ್‌ಬುಕ್, ಟೆಕ್ನಿಕಲ್ ನೋಟ್ (ಕಂಪನಿ ಹೊರಡಿಸಿದ ರಿಪೇರಿ-ತಪಾಸಣಿ ಸೂಚನಿ) ಎಲ್ಲಾ ಮಾಡಿದ್ದರ ದಾಖಲಿ, ಈಚಿನ ತೂಕದ ರಿಪೋರ್ಟ್, ಟೋಸ್ಟ್ ಹುಕ್ (ಎಳಿಯೋ ಹಗ್ಗ ಸಿಗಸೋ ಕೊಂಡಿ) ಯಾವಾಗ ಓವರ್‌ಹಾಲ್ ಆಗ್ಯಾದ ಅನ್ನೋದು ಕೇಳು. ಯಾರರೆ ಐಲೆರಾನಿಗೆ ಹೊಸ ಪೇಂಟ್ ಹೊಡಸಿದ್ರ ಆಮ್ಯಾಲೆ ಅದನ್ನ ಬಿಚ್ಚಿ ತೂಗಿ ಬ್ಯಾಲೆನ್ಸ್ ನೋಡಿದ ಚೀಟಿ ಇರ್ಲೇಬೇಕು, ಹಿಂಜಿನ ಹಿಂದ ಪೇಂಟಿನ ಭಾರ ಹೆಚ್ಚಾದ್ರ ಮತ್ತ ಅದೇ ಫ್ಲಟರ್ ಮಾತು. ಚೀಟಿ ಇಲ್ಲಂದ್ರ ತೂಗಿಸಿದ ಮ್ಯಾಲೇ ರೊಕ್ಕ ಕೊಡು. ಲೂಸ್ ಅಳತಿ, ಗುಂಡಿನ ಅಳತಿ ಬರಕೊಂಡು ಫೋಟೋ ಸಮೇತ ಇಲ್ಲಿ ಹಾಕು, ನೋಡಿ ಹೇಳ್ತೀನಿ.