ಅಪ್ಪನ ರಿಪೋರ್ಟಲ್ಲಿ ಝ್ಯಾಪ್-70 ಪಾಸಿಟಿವ್ ಅಂತ ಬಂದೈತೆ, ಗೊತ್ತಿರೋರು ಹೇಳಿ

ಮಂಡ್ಯ ಹೈದ:
ಎಲ್ರಿಗೂ ನಮಸ್ಕಾರ. ಅಪ್ಪಂಗೆ 67 ವರ್ಷ, ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ರಕ್ತ ಕೊಟ್ಟಾಗ ಬಿಳಿ ರಕ್ತಕಣ 38 ಸಾವಿರ ಬಂತು, ಆಮೇಲೆ ಮೈಸೂರಲ್ಲಿ ಫ್ಲೋ ಸೈಟೊಮೆಟ್ರಿ, ಅಂದ್ರೆ ರಕ್ತಕಣ ಯಾವ ಜಾತಿದು ಅಂತ ನೋಡೋ ಟೆಸ್ಟು, ಮಾಡ್ಸುದ್ರೆ ಸಿಎಲ್‌ಎಲ್, ರಕ್ತದ ಕ್ಯಾನ್ಸರ್ ಅಂದ್ರು. ಡಾಕ್ಟ್ರು ಈಗ್ಲೇ ಔಷಧಿ ಬ್ಯಾಡ, ಮೂರು ತಿಂಗ್ಳಿಗೊಂದ್ಸಲ ಬನ್ನಿ ಅಂದವ್ರೆ. ಅಪ್ಪ ಚೆನ್ನಾಗೇ ಅವ್ರೆ, ಬೆಳಿಗ್ಗೆನೇ ಎದ್ದು ಕಬ್ಬಿಗೆ ನೀರು ಕಟ್ಟಕ್ಕೆ ಹೋಯ್ತಾರೆ. ಆದ್ರೆ ರಿಪೋರ್ಟ್ ಕೊನೇಲಿ ಝ್ಯಾಪ್-70 ಪಾಸಿಟಿವ್, ಸಿಡಿ38 ಅನ್ನೋ ಇನ್ನೊಂದು ಗುರುತು ನೆಗೆಟಿವ್ ಅಂತ ಐತೆ. ನೆಟ್ಟಲ್ಲಿ ನೋಡುದ್ರೆ ಝ್ಯಾಪ್-70 ಅನ್ನೋದೊಂದು ಎಂಜೈಮು, ಅದಿದ್ರೆ ಕಾಯಿಲೆ ಜೋರು ಅಂತ ಬರ್ದವ್ರೆ, ರಾತ್ರಿ ನಿದ್ದೆ ಹತ್ತಿಲ್ಲ. ಔಷಧಿ ಶುರು ಮಾಡಿ ಅಂತ ನಾವೇ ಕೇಳ್ಬೇಕಾ?

ಲ್ಯಾಬ್ ಕೆಲಸ, ಮೈಸೂರು:
ಗಾಬರಿ ಆಗ್ಬೇಡಿ, ನಿಧಾನಕ್ಕೆ ಓದಿ. ಝ್ಯಾಪ್-70 ಎಂಜೈಮು ನಿಜ, ಆದ್ರೆ ಅದು ಎಲ್ರ ಮೈಯಲ್ಲೂ ಟಿ ಕಣ ಅನ್ನೋ ಒಂದು ಜಾತಿ ಬಿಳಿ ರಕ್ತಕಣಗಳಲ್ಲಿ ಇದ್ದೇ ಇರತ್ತೆ. ಸಿಎಲ್‌ಎಲ್ ಬರೋದು ಬಿ ಕಣ ಅನ್ನೋ ಇನ್ನೊಂದು ಜಾತಿ ಬಿಳಿ ಕಣಕ್ಕೆ, ಕೆಲವರಲ್ಲಿ ಆ ಕಣದೊಳಗೂ ಇದು ಸಿಗತ್ತೆ, ಅಂಥವರಲ್ಲಿ ಕಾಯಿಲೆ ಬೇಗ ಮುಂದುವರಿಯೋದು ಜಾಸ್ತಿ ಅಂತ 2003ರ ಹೊತ್ತಿಗೇ ಗೊತ್ತಾಗಿತ್ತು. ಸಾಮಾನ್ಯವಾಗಿ ಕಾಯಿಲೆ ಕಣಗಳಲ್ಲಿ ಎಷ್ಟರಲ್ಲಿ ಇದು ಸಿಗತ್ತೆ ಅಂತ ನೋಡಿ, 20% ಗೆರೆ ಇಟ್ಕೊಂಡು ಅದರ ಮೇಲೆ ಪಾಸಿಟಿವ್ ಅಂತೀವಿ. ತೊಂದ್ರೆ ಇರೋದು ಅಲ್ಲೇ. ಎಂಜೈಮು ಕಣದ ಒಳಗಿರತ್ತೆ, ಕಣಕ್ಕೆ ತೂತು ಮಾಡಿ ಬಣ್ಣ ಹಾಕ್ಬೇಕು, ಸ್ಯಾಂಪಲ್ ಬರೋದು ತಡ ಆದ್ರೆ ಬಣ್ಣ ಮಂಕಾಗತ್ತೆ, ಒಂದು ಲ್ಯಾಬಲ್ಲಿ ಪಾಸಿಟಿವ್ ಬಂದಿದ್ದು ಇನ್ನೊಂದರಲ್ಲಿ ನೆಗೆಟಿವ್ ಬರಬಹುದು. 2016ರಲ್ಲಿ ಬಂದ ಸಿಎಲ್‌ಎಲ್-ಐಪಿಐ, ಅಂದ್ರೆ ಕಾಯಿಲೆ ಎಷ್ಟು ಜೋರು ಅಂತ ಅಂದಾಜು ಮಾಡೋ ಲೆಕ್ಕದಲ್ಲಿ ಇದನ್ನ ಸೇರಿಸೇ ಇಲ್ಲ. ಐಜಿಹೆಚ್‌ವಿ ಮತ್ತೆ ಟಿಪಿ53 ಅನ್ನೋ ಜೀನ್‌ಗಳಲ್ಲಿ ಮ್ಯುಟೇಶನ್ (ಬದಲಾವಣೆ) ಇದೆಯಾ ಅಂತ ನೋಡೋ ಟೆಸ್ಟು, 17ನೇ ಕ್ರೋಮೋಸೋಮಿನ 17ಪಿ ಅನ್ನೋ ತುಂಡು ಬಿದ್ದಿದೆಯಾ ಅಂತ ನೋಡೋ ಫಿಶ್ ಟೆಸ್ಟು, ಇವನ್ನ ಡಾಕ್ಟರ ಹತ್ರ ಕೇಳಿ. ನಿಮ್ಮ ತಂದೆಯವರದ್ದು ಎಷ್ಟು ಪರ್ಸೆಂಟ್ ಇದೆ?

ಕೆ.ಆರ್.ಪೇಟೆ ಅಕ್ಕ:
ನಮ್ಮಮ್ಮಂಗೂ ಇದೇ ಕಣಪ್ಪ, ನಾಕ್ ವರ್ಷ ಒಂದ್ ಮಾತ್ರೆನೂ ಇಲ್ದೆ ಬರೀ ರಕ್ತ ಪರೀಕ್ಷೆನೇ. ನಾನೂ ನಿನ್ನಂಗೆ ಶುರು ಮಾಡಿ ಅಂತ ಡಾಕ್ಟ್ರ ಮುಂದೆ ಅತ್ತಿದ್ದೆ. ತೊಂದ್ರೆ ಇಲ್ದೋರಿಗೆ ಮೊದ್ಲೇ ಔಷಧಿ ಕೊಟ್ರೆ ಆಯಸ್ಸು ಜಾಸ್ತಿ ಆಗಲ್ಲ, ಸೈಡ್ ಎಫೆಕ್ಟ್ ಮಾತ್ರ ಮೊದ್ಲೇ ಬರ್ತವೆ ಅಂತ ಕೂರಿಸ್ಕೊಂಡು ಹೇಳಿದ್ರು. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೆ, ಪ್ಲೇಟ್ಲೆಟ್ ಒಂದು ಲಕ್ಷಕ್ಕಿಂತ ಕೆಳಗೆ ಹೋದ್ರೆ, ರಾತ್ರಿ ಹಾಸಿಗೆ ನೆನೆಯೋ ಹಂಗೆ ಬೆವರು, ತೂಕ ಇಳಿಯೋದು, ಕತ್ತಲ್ಲಿ ಕಂಕುಳಲ್ಲಿ ಗಡ್ಡೆ ದಪ್ಪ ಆಗೋದು, ಇವನ್ನ ನೋಡ್ಕೊ. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಗಡೆನೇ ತಾರೀಕು ಹಾಕಿ ಎಲ್ಲಾ ಬರೀತಿದ್ದೆ. ಐದನೇ ವರ್ಷ ಬೇಕಾಯ್ತು, ಬಿಟಿಕೆ ಅನ್ನೋ ಇನ್ನೊಂದು ಎಂಜೈಮನ್ನ ತಡೆಯೋ ಮಾತ್ರೆ ಕೊಟ್ಟವ್ರೆ, ಈಗ ಆರಾಮಾಗವ್ರೆ.

ಮಂಡ್ಯ ಹೈದ:
ಸಾರ್, ತೆಗ್ದು ನೋಡ್ದೆ, 22% ಅಂತ ಐತೆ, ಗೆರೆ ಮೇಲೆ ಎರಡೇ ಎರಡು. ಸೋಮವಾರ ಹೋಗಿ ಫಿಶ್, ಐಜಿಹೆಚ್‌ವಿ ಎರಡೂ ಕೇಳ್ತೀನಿ. ಅಕ್ಕ, ಅಪ್ಪಂಗೆ ಇನ್ನೂ ಕ್ಯಾನ್ಸರ್ ಅಂತ ಹೇಳಿಲ್ಲ, ನೀವು ಅಮ್ಮಂಗೆ ಹೆಂಗ್ ಹೇಳುದ್ರಿ?